ಆಳಕ್ಕಿಳಿದ ಗಡಿಯಾರಗಳು

ಸಮುದ್ರದಿಂದ ಬಹುದೂರದ ಹಟ್ಟಿಯಲ್ಲಿದ್ದುಕೊಂಡು ಮುಳುಗುಗಾರರ ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುತ್ತೇನೆಂದರೆ ಬಂಧುಗಳು ನಗುವುದು ಸಹಜ. ಆದರೆ ಚಿನ್ನದ ಗಣಿಯ ಈ ಊರಿನವರಿಗೆ ಆಳವೆಂದರೇನು, ಆಳಕ್ಕಿಳಿದವರಿಗೆ ವೇಳೆಯ ಬೆಲೆಯೇನು ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪಾಳಿ ಮುಗಿಸಿ ತಂದೆಯವರು ಮೇಲೆ ಬರುವ ಹೊತ್ತನ್ನು ಎಣಿಸುತ್ತ ಬೆಳೆದವನು ನಾನು.

ಕೈಗಡಿಯಾರಕ್ಕೆ ಮೊದಲಿನಿಂದಲೂ ನೀರೇ ಶತ್ರು. 1926ರಲ್ಲಿ ರೋಲೆಕ್ಸ್ ಸಂಸ್ಥೆಯು ನೀರು ನುಸುಳದ 'ಆಯ್ಸ್ಟರ್' ಕವಚವನ್ನು ಹೊರತಂದಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸೆ ಎಂಬ ಈಜುಗಾರ್ತಿ ಅದನ್ನು ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿಗೆ ಒಯ್ದರು. 1953ರಲ್ಲಿ ಫ್ರಾನ್ಸಿನ ನೌಕಾಪಡೆಯ ಮುಳುಗುಗಾರರಿಗಾಗಿ ಬ್ಲಾಂಪೇನ್ ಸಂಸ್ಥೆಯ 'ಫಿಫ್ಟಿ ಫ್ಯಾದಮ್ಸ್' ಬಂದಿತು. 1965ರಲ್ಲಿ ಜಪಾನಿನ ಸೀಕೊ 150 ಮೀಟರ್ ಆಳ ತಾಳುವ ಗಡಿಯಾರವನ್ನು ತಯಾರಿಸಿತು.

ಇವುಗಳ ಜಾಣ್ಮೆಯಿರುವುದು ಅಂಚಿನ ತಿರುಗುಬಳೆಯಲ್ಲಿ. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ, ಕಳೆದ ನಿಮಿಷಗಳು ಒಂದೇ ನೋಟಕ್ಕೆ ತಿಳಿಯುತ್ತವೆ. ಮುಂದೆ ಈ ಬಳೆಯನ್ನು ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿದರು. ಅಕಸ್ಮಾತ್ತಾಗಿ ತಾಕಿ ಜರುಗಿದರೂ ಅದು ಕಳೆದ ಸಮಯವನ್ನು ಹೆಚ್ಚಾಗಿ ತೋರಿಸೀತೇ ಹೊರತು ಕಡಿಮೆ ತೋರಿಸದು. ಉಸಿರಿನ ಗಾಳಿ ಮುಗಿಯುವ ಮೊದಲೇ ಮನುಷ್ಯ ಮೇಲೆ ಬರುತ್ತಾನೆ.

ನಮ್ಮ ನಾಡಿಗೂ ಈ ಕಥೆಯ ನಂಟುಂಟು. 1961ರಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಹಯೋಗದೊಡನೆ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು. 'ಜನತಾ' ಮನೆಮಾತಾಯಿತು. ಅದು ಮುಳುಗುಗಾರರ ಗಡಿಯಾರವಲ್ಲ. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಕಾಯಕಕ್ಕೆ ಹೊರಡುವವನ ಸಂಗಾತಿ. 2016ರಲ್ಲಿ ಕೇಂದ್ರ ಸರಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಸಂಗ್ರಹದ ಹವ್ಯಾಸವುಳ್ಳವರು ಎರಡು ಮಾತು ನೆನಪಿಡಬೇಕು. ಹಿಂಬದಿಯಲ್ಲಿ 150 ಮೀಟರ್ ಎಂದಿದ್ದರೂ ಹಳೆಯ ಗಡಿಯಾರವನ್ನು ನೀರಿಗಿಳಿಸಬಾರದು. ಒಳಗಿನ ರಬ್ಬರ್ ಬಳೆ ವಯಸ್ಸಾದಂತೆ ಗಡುಸಾಗಿ ನೀರನ್ನು ಬಿಟ್ಟುಕೊಡುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಹಿಂದೆ ರೇಡಿಯಂ ಬಳಿಯುತ್ತಿದ್ದರು. ಅದು ವಿಕಿರಣ ಸೂಸುವ ವಸ್ತು. ಅಂಥ ಗಡಿಯಾರವನ್ನು ಮನೆಯಲ್ಲಿ ಬಿಚ್ಚಿ ಕೆರೆಯಬಾರದು.

ನನ್ನ ಪೆಟ್ಟಿಗೆಯಲ್ಲಿ ಸೋದರಮಾವ ಕೊಲ್ಲಿ ದೇಶದಿಂದ ತಂದ ಸೀಕೊ ಇದೆ. ಅದರ ಪಕ್ಕದಲ್ಲಿಯೇ ತಂದೆಯವರ 'ಜನತಾ' ಇದೆ. ಬೆವರು ನುಸುಳಿ ಅದರ ಬಿಳಿಯ ಮುಖ ಕಂದಿದೆ. ತಂದೆಯವರು ಲಿಂಗೈಕ್ಯರಾದ ಮೇಲೆ ತಮ್ಮನು, "ಹೊಸ ಮುಖ ಹಾಕಿಸೋಣಣ್ಣಾ, ಮಕ್ಕಳಾದರೂ ಕಟ್ಟಿಕೊಳ್ಳಲಿ" ಎಂದ. ಅವನ ಮಾತಿನಲ್ಲಿಯೂ ಪ್ರೀತಿಯಿತ್ತು. ರಿಪೇರಿಯವರು ಎರಡೇ ದಿನದಲ್ಲಿ ಮಾಡಿಕೊಡಲು ಸಿದ್ಧರಿದ್ದರು. ಆಗ ತಾಯಿ ಮೆಲ್ಲಗೆ ಕೇಳಿದರು: "ಮುಖ ತೆಗೆದ ಮ್ಯಾಲ ಅದು ನಿಮ್ಮಪ್ಪ ನೋಡಿದ ಗಡಿಯಾರ ಹೆಂಗಾದೀತಪ್ಪಾ?"

ಇಬ್ಬರಲ್ಲೂ ಉತ್ತರವಿರಲಿಲ್ಲ. ಯಂತ್ರವನ್ನಷ್ಟೇ ತೊಳೆಸಿ ಎಣ್ಣೆ ಹಾಕಿಸಿದೆವು, ಕಲೆಯನ್ನು ಹಾಗೆಯೇ ಬಿಟ್ಟೆವು. ಈಗ ವಾರದಲ್ಲೊಂದು ದಿನ ತಮ್ಮನ ಮಗಳು ಬಂದು ಅದಕ್ಕೆ ಕೀಲಿ ಕೊಡುತ್ತಾಳೆ.