ಯುಗಾದಿಯ ರಾತ್ರಿ ಆಕಾಶದಲ್ಲಿ

ಆಕಾಶದಲ್ಲಿ ಏನೋ ವಿಚಿತ್ರ ಕಂಡೆನೆಂದು ಮನೆಯಲ್ಲಿ ಹೇಳಿ ನಗೆಪಾಟಲಾಗಿದ್ದೀರಾ? ನನ್ನ ತಮ್ಮನ ಮಗಳು ಆದಳು. ನಕ್ಕವನು ನಾನೇ. 2021ರ ದೀಪಾವಳಿ ರಜೆಯಲ್ಲಿ, ಐರೋಲಿಯ ಅವರ ಕಟ್ಟಡದ ಗಚ್ಚಿಯಿಂದ ನೋಡುವಾಗ ಪಾರಸಿಕ್ ಗುಡ್ಡದ ಮೇಲೆ ದೊಡ್ಡ ಬೆಳಕೊಂದು ಅಲುಗಾಡದೆ ನಿಂತಿತ್ತು ಎಂದಳು. ‘ಹಾರುವ ತಟ್ಟೆಯೇನೇ? ಅದರಲ್ಲಿ ಇಡ್ಲಿ ಇತ್ತಾ?’ ಎಂದೆ. ಎಲ್ಲರೂ ನಕ್ಕರು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಮುಂದಿನ ಯುಗಾದಿ, 2022ರ ಏಪ್ರಿಲ್ 2. ಡೊಂಬಿವಲಿಯ ನಮ್ಮ ಮನೆಯಲ್ಲಿ ಬೇವು-ಬೆಲ್ಲ, ಹೋಳಿಗೆಯೂಟ ಎಲ್ಲ ಮುಗಿದು ರಾತ್ರಿ ಟಿ.ವಿ. ಹಾಕಿದರೆ ವಿದರ್ಭದ ಆಕಾಶದಲ್ಲಿ ಬೆಂಕಿಯ ಗೆರೆಗಳು! ಚಂದ್ರಪುರ ಜಿಲ್ಲೆಯ ಲಾಡಬೋರಿ ಎಂಬ ಹಳ್ಳಿಯಲ್ಲಿ ಎರಡು-ಮೂರು ಮೀಟರ್ ಅಗಲದ ಲೋಹದ ಬಳೆಯೊಂದು ಬಿದ್ದಿತ್ತು. ಹತ್ತಿರದ ಇನ್ನೊಂದು ಊರಿನಲ್ಲಿ ಲೋಹದ ಗೋಳ ಸಿಕ್ಕಿತು.

ಬಿದ್ದ ವಸ್ತುಗಳು ಪೊಲೀಸರ ವಶಕ್ಕೆ ಹೋದವು. ಇಸ್ರೋ ವಿಜ್ಞಾನಿಗಳು ಬಂದು ಪರಿಶೀಲಿಸಿದರು. 2021ರ ಫೆಬ್ರವರಿಯಲ್ಲಿ ಚೀನಾ ಹಾರಿಸಿದ್ದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೆಯ ಹಂತ ಅದೇ ಹೊತ್ತಿಗೆ ವಾತಾವರಣ ಹೊಕ್ಕಿತ್ತು, ಇವು ಅದರ ಚೂರುಗಳಿರಬೇಕು ಎಂಬುದು ತಜ್ಞರ ಲೆಕ್ಕ. ಉಲ್ಕೆಯಾದರೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತದೆ. ಇದು ತುಂಡುತುಂಡಾಗಿ, ಮೆರವಣಿಗೆಯಂತೆ ನಿಧಾನವಾಗಿ ಸಾಗಿತು. ಹಾಗೆ ಸಾಗಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟವರು ಬೀದಿಯಲ್ಲಿ ನಿಂತಿದ್ದ ಸಾಮಾನ್ಯ ಜನ.

ಇಂಥ ತನಿಖೆಗೆ ಬೇಕಾದದ್ದು ಇಷ್ಟೇ: ಗಂಟೆ, ದಿಕ್ಕು, ಎತ್ತರ, ಎಷ್ಟು ಹೊತ್ತು ಕಂಡಿತು. 2012ರಲ್ಲಿ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ನಿಗೂಢ ಬೆಳಕುಗಳನ್ನು ಕಂಡು ನೂರಾರು ಸಲ ಬರೆದಿಟ್ಟಿದ್ದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞರು ವಿಚಾರಿಸಿ ನೋಡಿದರೆ, ಅವು ಗುರು ಮತ್ತು ಶುಕ್ರ! ಗಡಿ ಕಾಯುವವರನ್ನೇ ಶುಕ್ರ ಏಮಾರಿಸಿದ ಮೇಲೆ ಡೊಂಬಿವಲಿ ಲೋಕಲಿನಲ್ಲಿ ನೇತಾಡಿ ಬಂದ ನಮ್ಮ ಪಾಡೇನು?

ಎಲ್ಲಕ್ಕೂ ಉತ್ತರ ಸಿಗುತ್ತದೆ ಎಂದು ತಿಳಿಯಬೇಡಿ. ಅಮೆರಿಕದ ವಾಯುಪಡೆ 1969ರವರೆಗೆ ಕಲೆಹಾಕಿದ 12,618 ವರದಿಗಳಲ್ಲಿ 701ರ ಗುರುತು ಕಡೆಗೂ ಹತ್ತಲಿಲ್ಲ. ಹತ್ತಲಿಲ್ಲ ಎಂದರೆ ಹತ್ತಲಿಲ್ಲ, ಅಷ್ಟೇ. ಬೇರೆ ಲೋಕದವರು ಬಂದಿದ್ದರು ಎಂದಲ್ಲ.

ಯುಗಾದಿಯಾದ ಕೆಲವು ದಿನಕ್ಕೆ ಐರೋಲಿಗೆ ಹೋದೆ. ಹುಡುಗಿಯನ್ನು ಕರೆದುಕೊಂಡು ಗಚ್ಚಿ ಹತ್ತಿದೆ. ಮುಂಬಯಿಯಲ್ಲಿ ಇಳಿಯಲು ಪೂರ್ವದಿಂದ ಬರುವ ವಿಮಾನ ನೇರ ನಮ್ಮೆದುರಿಗೇ ಬರುತ್ತಿದ್ದರೆ ಅದರ ದೀಪ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಂತೆ ಕಾಣುತ್ತದೆ. ‘ನೀನು ನೋಡಿದ್ದು ಇದೇ ಇರಬಹುದು’ ಎಂದೆ.

‘ಇರಬಹುದು ದೊಡ್ಡಪ್ಪ. ಆದರೆ ಅದು ಇದಕ್ಕಿಂತ ಮೇಲಿತ್ತು.’

‘ಆಗ ಎಷ್ಟು ಗಂಟೆ? ಎಷ್ಟು ಹೊತ್ತು ಇತ್ತು?’

ಅವಳು ಗುಡ್ಡದ ಕಡೆಗೇ ನೋಡುತ್ತ ಹೇಳಿದಳು: ‘ಈಗ ನೆನಪಿಲ್ಲ. ಆವತ್ತು ನೀವು ಕೇಳಲಿಲ್ಲವಲ್ಲ.’