ನಲವತ್ತನೇ ಪುಟದ ಟಿಕೆಟ್ಟು

ಎದುರುಮನೆಯ ಯಜಮಾನರು ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ಕೆಇಬಿಯಲ್ಲಿ ಮೀಟರ್ ರೀಡರ್ ಆಗಿದ್ದು ನಿವೃತ್ತರಾದವರು. ಆರು ವಾರ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ನೋಡಲು ಹೋದಾಗ, “ಓದೋದಕ್ಕೆ ಏನಾದ್ರೂ ಕೊಡಿ ಸಾರ್. ಜೀವಮಾನವೆಲ್ಲ ಓದಿದ್ದೀನಿ, ಆದ್ರೆ ಬರೀ ಮೀಟ್ರು” ಎಂದರು.

ನಮ್ಮ ಸೋದರತ್ತೆಯ ಹತ್ತಿರ ಯಾರಾದರೂ “ಹುಡುಗಿಗೆ ಒಂದು ಗಂಡಿದ್ರೆ ಹೇಳಿ” ಅಂದರೆ ಆಕೆ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು. ಪುಸ್ತಕ ಕೇಳಿದರೆ ನನಗೂ ಹಾಗೇ ಆಗುತ್ತದೆ. ಆದರೆ ಯಜಮಾನರ ದಿಂಬಿನ ಪಕ್ಕದಲ್ಲಿ ಆಗಲೇ ಒಂದು ಗಂಡು ಬಂದು ಕೂತಿತ್ತು. ಭೈರಪ್ಪನವರ ‘ಪರ್ವ’. ಕೊನೆಮನೆ ಮೇಷ್ಟ್ರು ತಂದಿಟ್ಟು, “ಇದನ್ನ ಓದಲೇಬೇಕು” ಎಂದು ಹೇಳಿ ಹೋಗಿದ್ದರಂತೆ. ಯಜಮಾನರು ಮೂರು ದಿನದಿಂದ ಶಲ್ಯರಾಜನ ಮದ್ರದೇಶದಲ್ಲೇ ಬೀಡುಬಿಟ್ಟಿದ್ದರು. ಕುರುಕ್ಷೇತ್ರ ಇನ್ನೂ ಎಷ್ಟೋ ದೂರ. ಅದೂ ಇರಲಿ, ಅಂಗಾತ ಮಲಗಿದವರು ‘ಪರ್ವ’ವನ್ನು ಎತ್ತಿ ಹಿಡಿದುಕೊಂಡು ಓದುವುದು ಹುಡುಗಾಟವೇ? ತೂಕಡಿಸಿದರೆ ನೆಟ್ಟಗೆ ಮೂಗಿನ ಮೇಲೆ ಬರುತ್ತದೆ. ಒಂದು ಸಲ ಬಂದಿತ್ತಂತೆ. ಗುರುತು ತೋರಿಸಿದರು.

‘ಪರ್ವ’ವನ್ನು ನಾನೇ ಎರಡು ಸಲ ಓದಿದ್ದೇನೆ. ನನ್ನ ಜಗಳ ಆ ‘ಲೇಬೇಕು’ ಜೊತೆಗೆ. ಕಂದಾಯ ಕಟ್ಟಲೇಬೇಕು, ಮಗುವಿಗೆ ಪೋಲಿಯೋ ಹನಿ ಹಾಕಿಸಲೇಬೇಕು. ಕಾಲಿಗೆ ಸಿಮೆಂಟು ಹಾಕಿಸಿಕೊಂಡು ಮಲಗಿದ ಮನುಷ್ಯ ಏನನ್ನೂ ಓದಲೇಬೇಕಾಗಿಲ್ಲ. ಮೇಷ್ಟ್ರ ಹತ್ತಿರ ‘ಓದಲೇಬೇಕಾದ ನೂರು’ ಎಂಬ ಪಟ್ಟಿಯಿದೆ. ಜ್ವರ ಬಂದವರಿಗೂ ರಜೆ ಬಂದವರಿಗೂ ಅದೇ ಪಟ್ಟಿ, ಅದೇ ಕ್ರಮ. ಸರ್ಕಾರಿ ಆಸ್ಪತ್ರೆಯ ಕೆಂಪು ನೀರಿನ ಔಷಧಿ ಇದ್ದ ಹಾಗೆ.

ಪುಸ್ತಕ ಕೊಡುವ ಕಸುಬನ್ನು ನಾನು ಕಲಿತದ್ದು ಹಾಸನದ ಒಂದು ಬಾಡಿಗೆ ಲೈಬ್ರರಿಯಲ್ಲಿ. ಹತ್ತಡಿ ಮಳಿಗೆ, ಐದು ರೂಪಾಯಿ ಡಿಪಾಸಿಟ್, ಎಲ್ಲ ಪುಸ್ತಕಕ್ಕೂ ಒಂದೇ ಥರದ ರಟ್ಟಿನ ಬೈಂಡು. ಅಂಗಡಿಯವರು “ಯಾವ ಥರದ್ದು ಬೇಕು?” ಎಂದು ಯಾವತ್ತೂ ಕೇಳಿದವರಲ್ಲ. “ಅಮ್ಮ ಹೇಗಿದ್ದಾರೆ? ನಿಮ್ಮಕ್ಕ ಊರಿಗೆ ಹೋದ್ಲಾ?” ಎನ್ನುತ್ತಲೇ ಕೈ ಹಿಂದಕ್ಕೆ ಚಾಚಿ ಒಂದು ಪುಸ್ತಕ ಎಳೆಯುತ್ತಿದ್ದರು. ತ್ರಿವೇಣಿಯವರ ‘ಶರಪಂಜರ’ ವಾಪಸು ಬಂದ ದಿನ ಅಮ್ಮನಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬೇಕೆಂದು ಕೇಳಿದ್ದಕ್ಕೆ, “ಎರಡು ಅಳು ಒಟ್ಟಿಗೆ ಕೊಡಬಾರದು ಕಣೋ, ಗಿರಾಕಿ ವಾರ ಈ ಕಡೆ ತಲೆ ಹಾಕಲ್ಲ” ಎಂದು ಬೀಚಿಯ ಒಂದು ಪುಸ್ತಕ ತುರುಕಿದರು. ಪುಸ್ತಕ ಕೊಡುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇದುವರೆಗೆ ಕೇಳಿಲ್ಲ.

ನನ್ನದೇ ಎರಡು ವರಸೆಗಳೂ ಇವೆ. ಒಂದು, ‘ಚೆನ್ನಾಗಿದೆ’ ಎಂದು ಬಾಯಿಬಿಟ್ಟು ಹೇಳದಿರುವುದು. ಅರ್ಧ ಕತೆ ಹೇಳಿ, ಗಡಿಯಾರ ನೋಡಿ, ಎದ್ದುಬಿಡುವುದು. ಎರಡನೆಯದು ಸ್ವಲ್ಪ ಕಳ್ಳತನದ್ದು. ಕೊಡುವ ಮುಂಚೆ ನಲವತ್ತನೇ ಪುಟದಲ್ಲಿ ಒಂದು ಬಿಎಂಟಿಸಿ ಟಿಕೆಟ್ ಇಡುತ್ತೇನೆ. ಓದಿದವರು ಅದನ್ನು ಗುರುತಿಗೆ ಬಳಸಿಕೊಂಡು ಮುಂದಕ್ಕೆ ಒಯ್ಯುತ್ತಾರೆ, ಇಲ್ಲವೇ ಬೀಳಿಸಿಕೊಳ್ಳುತ್ತಾರೆ. “ಅದ್ಭುತ ಸಾರ್, ಕೆಳಗಿಡೋಕೇ ಆಗ್ಲಿಲ್ಲ” ಎಂದು ವಾಪಸು ಕೊಟ್ಟ ಪುಸ್ತಕದಲ್ಲಿ ಟಿಕೆಟ್ಟು ನಲವತ್ತನೇ ಪುಟದಲ್ಲೇ ಗರಿಗರಿಯಾಗಿ ಮಲಗಿದ್ದರೆ, ಅವರಿಗೆ ಮುಂದಿನ ಸಲ ದಿನಪತ್ರಿಕೆ ಸಾಕು. ಹೀಗೆ ನೆಂಟರಲ್ಲಿ ಎಷ್ಟು ಜನರ ಬಣ್ಣ ಬಯಲಾಗಿದೆಯೆಂದು ಹೇಳಲು ಹೋದರೆ ಮನೆಯಲ್ಲಿ ರಸಾಭಾಸವಾದೀತು.

ಎಡವಿದ್ದೂ ಉಂಟು. ಪುಟ ಕಡಿಮೆ, ಓಟ ಚುರುಕು ಎಂದುಕೊಂಡು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಹೆಂಡತಿಯ ತಮ್ಮನ ಮದುವೆಗೆ ಉಡುಗೊರೆ ಕೊಟ್ಟೆ. ಹೊಸ ಸೊಸೆಯೊಬ್ಬಳು ಒಟ್ಟುಕುಟುಂಬದೊಳಗೆ ಕಾಲಿಟ್ಟರೆ ಏನಾಗಬಹುದೆಂಬ ಕತೆ ಅದು. ಮದುಮಗಳು ಮೊದಲ ವಾರದಲ್ಲೇ ಓದಿ ಮುಗಿಸಿದಳು. ಮಾವನ ಮನೆಯವರು ಈಗಲೂ ನನ್ನ ಹತ್ತಿರ ಅಳೆದು ತೂಗಿ ಮಾತಾಡುತ್ತಾರೆ.

ಯಜಮಾನರಿಗೆ ಏನು ಕೊಡುವುದು? ಬಹಳ ಲೆಕ್ಕ ಹಾಕಿದೆ. ಟಿ.ಕೆ. ರಾಮರಾಯರು? ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’? ಗಣೇಶಯ್ಯ ವಿಜ್ಞಾನಿ, ರೋಚಕ ಕಾದಂಬರಿಗೂ ಆಕರಗಳ ಪಟ್ಟಿ ಕೊಡುವವರು. ಅದನ್ನೆಲ್ಲ ಹುಡುಕಿಕೊಂಡು ಓಡಾಡಲು ಗಟ್ಟಿಯಾದ ಕಾಲು ಬೇಕು. ಕೊನೆಗೆ ಹಗುರವಾಗಿದೆ, ಬಿದ್ದರೂ ಮೂಗು ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳಿಂದ ‘ಜಾಲಹಳ್ಳಿಯ ಕುರ್ಕ’ ಎತ್ತಿಕೊಂಡು ಹೋದೆ.

ಮರುದಿನ ಬೆಳಗ್ಗೆ ಐದೂವರೆಗೆ ಫೋನು. “ಸಾರ್, ಜಾಲಹಳ್ಳಿ! ನಮ್ಮ ಸೆಕ್ಷನ್ನು! ಅಲ್ಲಿ ಹದಿನಾಲ್ಕು ವರ್ಷ ಮೀಟ್ರು ಓದಿದ್ದೀನಿ. ಅಲ್ಲಿ ಚಿರತೆ ಇತ್ತಾ?” ಇತ್ತು, ಮೆಟ್ರೋ ಬರುವುದಕ್ಕೆ ಬಹಳ ಮುಂಚೆ, ಕುರುಚಲು ಕಾಡಿದ್ದಾಗ, ಎಂದೆ. “ನಾಯಿಗೇ ಅಷ್ಟು ಹೆದರ್ತಿದ್ನಲ್ಲ ಸಾರ್ ನಾನು” ಎಂದು ಫೋನಿಟ್ಟರು. ತೇಜಸ್ವಿಯ ಭಾಷೆ, ಕಾಡಿನ ವರ್ಣನೆ, ನಾನು ಹೊಗಳಬೇಕೆಂದುಕೊಂಡಿದ್ದ ಒಂದೂ ಅವರ ಮಾತಿನಲ್ಲಿ ಬರಲಿಲ್ಲ. ಅವರು ಹಿಡಿದುಕೊಂಡಿದ್ದು ಊರಿನ ಹೆಸರನ್ನು.

ಈ ಗೆಲುವನ್ನು ಮೇಷ್ಟ್ರಿಗೆ ಹೇಳಿದ್ದೇ ತಪ್ಪಾಯಿತು. “ಬೇಟೆ ಕತೆ, ಪತ್ತೇದಾರಿ, ಅಡುಗೆಮನೆ ಸಾಹಿತ್ಯ. ಟೈಂಪಾಸ್‌ಗೆ ಆಗಬಹುದು” ಎಂದು ನಕ್ಕರು. ಆ ನಗು ನನಗೆ ಈಗಲೂ ಜೀರ್ಣವಾಗಿಲ್ಲ. ಅಡುಗೆಮನೆಯಲ್ಲಿ ಬೆಂದದ್ದನ್ನು ತಾನೇ ಇವರು ಮೂರು ಹೊತ್ತೂ ಉಣ್ಣುವುದು? ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಅಷ್ಟರೊಳಗೆ ಬಾಣಂತಿಗೆ ಬುದ್ಧಿ ಕದಡುವುದನ್ನೂ, ವಾಸಿಯಾಗಿ ಬಂದವಳನ್ನು ಮನೆ ಹೇಗೆ ಮತ್ತೆ ಹುಚ್ಚಿ ಮಾಡುತ್ತದೆ ಎಂಬುದನ್ನೂ ಬರೆದಿಟ್ಟಿದ್ದರು. ಆಗ ಆ ವಿಷಯವನ್ನು ಮನೆಗಳಲ್ಲಿ ಪಿಸುಮಾತಿನಲ್ಲೂ ಆಡುತ್ತಿರಲಿಲ್ಲ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಅಕ್ಷರ ಗಟ್ಟಿ ಮಾಡಿಕೊಂಡವರು ಊರೂರಲ್ಲಿದ್ದರು, ಅವರಲ್ಲಿ ನಾನೂ ಒಬ್ಬ. ಆ ಮೆಟ್ಟಿಲು ಇಲ್ಲದಿದ್ದರೆ ಮೇಷ್ಟ್ರ ನೂರರ ಪಟ್ಟಿಯನ್ನು ಓದಲು ಯಾರು ಸಿಗುತ್ತಿದ್ದರು? ಗಳಗನಾಥರು ಕಾದಂಬರಿ ಬರೆದು, ತಾವೇ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರೂ ‘ಓದಲೇಬೇಕು’ ಎಂದು ಹೇಳಿಕೊಂಡು ತಿರುಗಿದ್ದರೆ ಗಂಟು ಹಗುರಾಗುತ್ತಿತ್ತೆ?

ಸಿಟ್ಟು ಬಂತು, ಬಿಡಿ. ಸಿಟ್ಟು ಬಂದಾಗ ನಾನು ಕೆ.ವಿ. ಅಯ್ಯರ್ ಅವರನ್ನು ನೆನೆಯುತ್ತೇನೆ. ನಮ್ಮ ಸಾಹಿತ್ಯದಲ್ಲಿ ಇವರಂಥ ಇನ್ನೊಬ್ಬರಿಲ್ಲ. ಕಸುಬು ಅಂಗಸಾಧನೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, ಅಂಚೆಯ ಮೂಲಕವೂ ಕಸರತ್ತು ಕಲಿಸುತ್ತಿದ್ದರು. ಅಂಚೆಯಲ್ಲಿ ತೋಳು ಬೆಳೆಸುವುದು ಹೇಗೋ ನನಗಂತೂ ಬಗೆಹರಿದಿಲ್ಲ. ಮಾಂಸಖಂಡಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಅದೇ ಕೈ ಹೊಯ್ಸಳರ ರಾಣಿಯ ಮೇಲೆ ‘ಶಾಂತಲಾ’ ಬರೆಯಿತು. ಗದೆ ತಿರುವುವ ಕೈ ನಾಟ್ಯದ ಮುದ್ರೆ ಹಿಡಿದರೆ ಒರಟಾಗಬೇಕಲ್ಲ, ಆಗಲಿಲ್ಲ. ಇಟಲಿಗೇ ಜಿಗಿದು ‘ರೂಪದರ್ಶಿ’ಯನ್ನೂ ಬರೆದರು. ಜಿಮ್ಮಿಗೆ ಹೋಗುವ ನಮ್ಮ ಅಕ್ಕನ ಮಗನಿಗೆ ‘ಶಾಂತಲಾ’ ಕೊಡುವಾಗ ಹೊಯ್ಸಳರ ಸುದ್ದಿಯನ್ನೇ ಎತ್ತಲಿಲ್ಲ. ಬರೆದವರ ತೋಳಿನ ಕತೆ ಹೇಳಿದೆ. ಟಿಕೆಟ್ಟು ಕೊನೆಯ ಪುಟಕ್ಕೆ ಹೋಗಿ ತಲುಪಿತ್ತು.

ಯಜಮಾನರಿಗೂ ಕಾಡಿನ ಕತೆಗಳೆಲ್ಲ ಮುಗಿದ ಮೇಲೆ ‘ರೂಪದರ್ಶಿ’ ಶುರುಮಾಡಿದೆ. “ಒಬ್ಬ ಕಲಾವಿದ. ಬಾಲಯೇಸುವಿನ ಚಿತ್ರ ಬರೀಬೇಕು. ಅಂಥ ಮುಖದ ಮಗುಗಾಗಿ ಊರೆಲ್ಲ ಹುಡುಕಿದ. ಸಿಕ್ತು. ವರ್ಷಗಳಾದ ಮೇಲೆ ಅವನಿಗೇ ಒಂದು ದುಷ್ಟನ ಮುಖ ಬೇಕಾಯ್ತು...” ಅಷ್ಟು ಹೇಳಿ, “ಮನೇಲಿ ಕುಕ್ಕರ್ ಇಟ್ಟು ಬಂದಿದ್ದೀನಿ” ಎಂದು ಎದ್ದೆ. “ಆಮೇಲೆ?” ಎಂದದ್ದು ಗೇಟಿನ ತನಕ ಕೇಳಿಸಿತು.

ಮೊನ್ನೆ ಸಿಮೆಂಟು ಬಿಚ್ಚಿದರು. ಪುಸ್ತಕಗಳನ್ನು ಜೋಡಿಸಿ ಕೊಟ್ಟರು. ನನ್ನ ಟಿಕೆಟ್ಟುಗಳನ್ನೆಲ್ಲ ತೆಗೆದು ರಬ್ಬರ್‌ಬ್ಯಾಂಡ್ ಹಾಕಿ ಬೇರೆ ಇಟ್ಟಿದ್ದರು, ಬೇಕಾಗಬಹುದು ಎಂದು. ಪ್ರತಿ ಪುಸ್ತಕದೊಳಗೂ ಮಾತ್ರೆಯ ಡಬ್ಬಿಯ ರಟ್ಟಿನ ಚೂರು, ಅದರ ಮೇಲೆ ಪೆನ್ಸಿಲ್ಲಿನಲ್ಲಿ ನೀಟಾದ ಕೋಷ್ಟಕ. ತಾರೀಖು, ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಬಳಕೆ. ‘ರೂಪದರ್ಶಿ’ಗೆ ಒಂದೇ ದಿನ ಬಳಕೆ 118. ದಿಂಬಿನ ಪಕ್ಕದಲ್ಲಿ ‘ಪರ್ವ’ ಇನ್ನೂ ಇತ್ತು. ಅದರ ರಟ್ಟನ್ನೂ ಎಳೆದು ನೋಡಿದೆ. ಮೊದಲ ಮೂರು ಸಾಲಿನಲ್ಲಿ ಬಳಕೆ 11, 4, 2. ಆಮೇಲೆ ನಾಲ್ಕು ವಾರ ಉದ್ದಕ್ಕೂ ‘ಡೋರ್ ಲಾಕ್’. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅದರ ಕೆಳಗೆ, ಹೋದ ಸೋಮವಾರದ ತಾರೀಖಿನಿಂದ ರೀಡಿಂಗ್ ಮತ್ತೆ ಏರತೊಡಗಿತ್ತು. 60, 131, 212.

ಮೇಷ್ಟ್ರಿಗೆ ನಾನಂತೂ ಹೇಳಿಲ್ಲ.