ಕೊಂಡಪಲ್ಲಿ, ಮೇ 2024

ಮೇ 6, ಸೋಮವಾರ

ಬೋರ್ಡಿಗೆ ಆರ್‌ಎಸ್‌-485 ಚಿಪ್ ಯಾವುದು, ಮ್ಯಾಕ್ಸ್‌485 ಹಾಕೋಣವೋ, ಮ್ಯಾಕ್ಸ್‌3483 ಹಾಕೋಣವೋ. ಇವತ್ತೂ ಅಲ್ಲಿಗೇ ನಿಂತಿತು. ಮೊದಲನೆಯದಕ್ಕೆ 5 ವೋಲ್ಟ್ ಬೇಕು, ಬೋರ್ಡಿನ ಎಸ್‌ಟಿಎಂ32 ನಡೆಯುವುದು 3.3ರಲ್ಲಿ. ಒಂದೇ ಸಪ್ಲೈಯಲ್ಲಿ ಮುಗಿಸಬೇಕೆಂದರೆ ಎರಡನೆಯದೇ ಸರಿ. ಮ್ಯಾಕ್ಸ್‌3485 ಕೂಡ 3.3ರದೇ, ಆದರೆ 10 ಮೆಗಾಬಿಟ್‌ನದು. ನಮ್ಮ ಎನರ್ಜಿ ಮೀಟರುಗಳು ಮಾತಾಡುವುದು 9600ರಲ್ಲಿ. ಅಷ್ಟು ಚೂಪಾದ ಅಂಚು ತಗೊಂಡು ಏನು ಮಾಡಲಿ? ಉದ್ದ ಕೇಬಲ್ಲಿನಲ್ಲಿ ರಿಂಗಿಂಗ್ ಹೆಚ್ಚುತ್ತದೆ, ಅಷ್ಟೇ. 3483 ಬೇಕೆಂದೇ ನಿಧಾನ, 250 ಕಿಲೋಬಿಟ್.

ಕಂಪನಿ ಓನರ್ ಡೇಟಾಶೀಟ್ ನೋಡಲಿಲ್ಲ, ರೇಟು ನೋಡಿದರು. “ಪಾತದೇ ಚಾಲು ಕದಮ್ಮಾ.” ಹಳೆಯ 485ಏ ಸಾಕಂತೆ.

ಮೇ 7

ನಮ್ಮೂರು ಬಳ್ಳಾರಿಯಲ್ಲಿ ವೋಟು. ಅಮರಾವತಿ ಎಕ್ಸ್‌ಪ್ರೆಸ್ ಟಿಕೆಟ್ಟು ವೇಟಿಂಗ್ ಲಿಸ್ಟಿನಲ್ಲೇ ಉಳಿಯಿತು. ಅಮ್ಮ ಶಾಯಿ ಹಚ್ಚಿದ ಬೆರಳಿನ ಫೋಟೋ ಕಳಿಸಿದಳು. ಯಾಕೋ ಸಿಟ್ಟು ಬಂತು. ಉತ್ತರ ಬರೆಯಲಿಲ್ಲ.

ಮೇ 9, ಸಂಜೆ

ಮೇಜಿನ ಮೇಲೆ ನಾಲ್ಕು ರೆಡಿಮೇಡ್ ಮಾಡ್ಯೂಲು ಒಂದೇ ಜೋಡಿ ತಂತಿಗೆ. ಸಿಗ್ನಲ್ ಸೊರಗಿದೆ. ಪವರ್ ತೆಗೆದು ಎ–ಬಿ ನಡುವೆ ಮಲ್ಟಿಮೀಟರ್ ಇಟ್ಟರೆ 30 ಓಮ್ಸ್! ಪ್ರತಿ ಮಾಡ್ಯೂಲಿನಲ್ಲೂ 120 ಓಮ್ಸಿನ ಟರ್ಮಿನೇಶನ್ ಹಾಕಿಯೇ ಮಾರುತ್ತಾರೆ. ಅದು ಇರಬೇಕಾದ್ದು ಲೈನಿನ ಎರಡು ತುದಿಗೆ ಮಾತ್ರ. 485ರ ಸ್ಟ್ಯಾಂಡರ್ಡ್ ಡ್ರೈವರಿಗೆ ಹೊರಿಸುವ ಲೋಡ್ 54 ಓಮ್ಸ್. ನನ್ನ ಜೊತೆ ಕೆಲಸ ಮಾಡುವ ಹುಡುಗ ಮಧ್ಯದ ಎರಡರಿಂದ ‘121’ ಎಂದು ಬರೆದ ಎಳ್ಳುಗಾತ್ರದ ರೆಸಿಸ್ಟರು ಕಿತ್ತ. ಒಂದು ಐರನ್ನಿನ ತುದಿಗೆ ಅಂಟಿಕೊಂಡು ಬಂತು, ಇನ್ನೊಂದು ಎಲ್ಲಿ ಹಾರಿತೋ. ಈಗ 60. ಸಿಗ್ನಲ್ ಎದ್ದು ನಿಂತಿತು.

ಮೇ 10, ರಾತ್ರಿ 11

ಮೀಟರ್ ಉತ್ತರ ಕೊಡುವುದಿಲ್ಲ. ಸ್ಕೋಪಿನಲ್ಲಿ ನೋಡಿದರೆ ಸಿಆರ್‌ಸಿಯ ಕೊನೆಯ ಬೈಟ್ ಅರ್ಧಕ್ಕೇ ಕತ್ತರಿಸಿದೆ. ಹುಡುಗನ ಕೋಡು ಡೇಟಾ ರಿಜಿಸ್ಟರ್ ಖಾಲಿಯಾದ ಕೂಡಲೇ ಚಿಪ್ಪಿನ ಡಿಇ (ಡ್ರೈವರ್ ಎನೇಬಲ್) ಪಿನ್ ಇಳಿಸುತ್ತಿದೆ. ಆಗಿನ್ನೂ ಬೈಟು ಶಿಫ್ಟ್ ರಿಜಿಸ್ಟರಿನಿಂದ ಹೊರಡುತ್ತಿರುತ್ತದೆ. 9600ರಲ್ಲಿ ಒಂದು ಬೈಟಿಗೆ ಒಂದು ಮಿಲಿಸೆಕೆಂಡ್ ಮೇಲೆ ಬೇಕು. ಟ್ರಾನ್ಸ್‌ಮಿಷನ್ ಕಂಪ್ಲೀಟ್ ಫ್ಲಾಗಿಗೆ ಕಾಯಿಸಿದ. ಮೀಟರ್ 231 ವೋಲ್ಟ್ ಅಂತು. ಇಬ್ಬರೂ ನಕ್ಕೆವು. ಹಸಿವಾದದ್ದು ಆಮೇಲೆ ಗೊತ್ತಾಯಿತು.

ಮೇ 13

ಇಲ್ಲಿ ಇವತ್ತು ವೋಟು, ರಜೆ. ಮನೆ ಓನರಿನ ಅಮ್ಮ ಜಗಲಿಯಲ್ಲಿ ಕೂತು ಪೊನಿಕಿ ಮರದ ಎತ್ತಿನ ಬೊಂಬೆಗೆ ಕಾಲು ಕೂಡಿಸುತ್ತಿದ್ದರು. ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿ, ಸಂದಿಗೆ ಹೆಬ್ಬೆರಳಿನಿಂದ ಮೆತ್ತಿ, ಒಣಗಲು ಬಿಡುವುದು. ಜೇಬಿನಲ್ಲಿದ್ದ ಎಂಟು ಕಾಲಿನ ಚಿಪ್ ತೋರಿಸಿದೆ. “ಜೆರ್ರಿ ಲಾ ಉಂದಿ” ಅಂದರು. ನಿಜ, ಮರಿ ಜರಿಯೇ.

ಮೇ 16

ಬೋರ್ಡನ್ನು ಪಂಪ್ ಶೆಡ್ಡಿಗೆ ಒಯ್ದೆವು. ಮೇಜಿನ ಮೇಲೆ ಇಡೀ ದಿನ ಒಂದು ಎರರ್ ಇಲ್ಲದ್ದು, ಪಂಪಿನ ವೇಗ ಹೊಂದಿಸುವ ವಿಎಫ್‌ಡಿ ಆನ್ ಆದ ಕೂಡಲೇ ಸಿಆರ್‌ಸಿ ಎರರ್ ಸುರಿಯಿತು. ನಮ್ಮ ಗ್ರೌಂಡಿಗೂ ಮೀಟರಿನ ಗ್ರೌಂಡಿಗೂ ನಡುವೆ 4 ವೋಲ್ಟ್ ಎಸಿ. ಪೀಕು ಐದೂವರೆ ದಾಟುತ್ತದೆ. ಚಿಪ್ ತಾಳುವುದು ಮೈನಸ್ 7ರಿಂದ ಪ್ಲಸ್ 12ರವರೆಗೆ. ಅಂದರೆ ಒಳಗೇ ಇದೆ. ಆದರೆ ವಿಎಫ್‌ಡಿಯ ಸ್ಪೈಕು ಮಲ್ಟಿಮೀಟರಿಗೆ ಕಾಣುತ್ತದೆಯೇ? ಸ್ಕೋಪ್ ಒಯ್ದಿರಲಿಲ್ಲ. ಎರಡು ಗ್ರೌಂಡುಗಳ ನಡುವೆ ಮೂರನೇ ತಂತಿ ಎಳೆದೆವು, ಎರರ್ ಕಡಿಮೆಯಾಯಿತು. ನಿಲ್ಲಲಿಲ್ಲ.

485, 3483 ಎಂದು ತಲೆ ಕೆಡಿಸಿಕೊಂಡದ್ದೆಲ್ಲ ಬೇರೆಯೇ ಪ್ರಶ್ನೆ ಅನಿಸುತ್ತಿದೆ.

ಮೇ 17

ಇನ್ನೊಂದು ಚಿಪ್ ನೋಡಿದೆ, ಎಡಿಎಂ2483. ಒಳಗೇ ಐಸೊಲೇಶನ್, 2.5 ಕೆವಿ. ಲೈನಿನ ಬದಿಗೆ ಬೇರೆ 5 ವೋಲ್ಟ್ ಕೊಡಬೇಕು, ಅಂದರೆ ಇನ್ನೊಂದು ಡಿಸಿ–ಡಿಸಿ. ರೇಟು ಕೇಳಿ ಓನರ್ ಮಾತೇ ಆಡಲಿಲ್ಲ. ಅವರ ಲೆಕ್ಕವೂ ಸುಳ್ಳಲ್ಲ, ಎಲ್ಲ ಶೆಡ್ಡಿನಲ್ಲೂ ವಿಎಫ್‌ಡಿ ಇರುವುದಿಲ್ಲ. ಆದರೆ ಯಾವ ಶೆಡ್ಡಿನಲ್ಲಿ ಇರುತ್ತದೆ ಎಂದು ನಮಗೆ ಮೊದಲೇ ಹೇಳುವವರು ಯಾರು?

ಸೆಖೆ. ಕರೆಂಟು ಎರಡು ಸಲ ಹೋಯಿತು. ಅಮ್ಮನಿಗೆ ಫೋನ್ ಮಾಡಿದೆ.

ಮೇ 20

485, 3483 ಎರಡಕ್ಕೂ ಕಾಲುಗಳು ಒಂದೇ ಕ್ರಮದಲ್ಲಿವೆ, ಒಂದೇ ಫುಟ್‌ಪ್ರಿಂಟ್ ಸಾಕು. ಅದರ ಪಕ್ಕ 16 ಕಾಲಿನ ಎಡಿಎಂ2483ಕ್ಕೂ ಜಾಗ ಬಿಟ್ಟು ಗರ್ಬರ್ ಫೈಲ್ ಕಳಿಸಿದೆ. ಓನರಿಗೆ ಇನ್ನೂ ಹೇಳಿಲ್ಲ.